ಅರ್ಧ ಖಾಲಿ ಬಸ್ಸು

ಹೋದ ವರ್ಷ ಮಗಳ ಶಾಲೆಯಲ್ಲಿ ಒಂದು ಚಿತ್ರ ತೋರಿಸಿದ್ದರು. ಬಿಳಿ ಫ್ರಾಕು ಹಾಕಿಕೊಂಡ ಪುಟ್ಟ ಕಪ್ಪು ಹುಡುಗಿ, ಕೈಯಲ್ಲಿ ಪುಸ್ತಕ ಮತ್ತು ಸ್ಕೇಲು, ಹಿಂದೆ ಮುಂದೆ ಸೂಟು ಹಾಕಿದ ನಾಲ್ಕು ಜನ. ಗೋಡೆಯ ಮೇಲೆ ಯಾರೋ ಎಸೆದ ಟೊಮ್ಯಾಟೊ ಒಡೆದು ಇಳಿದಿದೆ. ಆ ನಾಲ್ಕು ಜನಕ್ಕೆ ಚಿತ್ರದಲ್ಲಿ ತಲೆಯೇ ಇಲ್ಲ. ನಾರ್ಮನ್ ರಾಕ್‌ವೆಲ್ ಅದನ್ನು ಹುಡುಗಿಯ ಎತ್ತರದಿಂದ ನೋಡಿ ಬರೆದಿದ್ದಾರೆ, ಹಾಗಾಗಿ ದೊಡ್ಡವರೆಲ್ಲ ಭುಜದಿಂದ ಮೇಲಕ್ಕೆ ಕತ್ತರಿಸಿ ಹೋಗಿದ್ದಾರೆ.

ಆ ಹುಡುಗಿ ರೂಬಿ ಬ್ರಿಜಸ್. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಬರೀ ಬಿಳಿ ಮಕ್ಕಳಿದ್ದ ಶಾಲೆಗೆ ಮಾರ್ಷಲ್‌ಗಳ, ಅಂದ್ರೆ ಕೇಂದ್ರ ಸರ್ಕಾರದ ಪೊಲೀಸರ, ಕಾವಲಿನಲ್ಲಿ ಹೋದವಳು. ಆಗ ಅವಳಿಗೆ ಆರು ವರ್ಷ. ಶಾಲೆಯ ಮುಂದೆ ಕೂಗಾಡುತ್ತಿದ್ದ ಜನರನ್ನು ನೋಡಿ ಮಾರ್ಡಿ ಗ್ರಾ ಹಬ್ಬದ ಗದ್ದಲ ಅಂದುಕೊಂಡಳಂತೆ.

ಮಗಳು ಊಟಕ್ಕೆ ಕೂತಾಗ ಕೇಳಿದಳು, "ಅಮ್ಮ, ಅವಳನ್ನ ಯಾರಾದ್ರೂ ಕೇಳಿದ್ರಾ, ನೀನು ಹೋಗ್ತೀಯಾ ಅಂತ?"

ಅಪ್ಪನಿಗೆ ಇಷ್ಟ ಇರಲಿಲ್ಲ, ಅಮ್ಮ ಪಟ್ಟು ಹಿಡಿದು ಒಪ್ಪಿಸಿದಳು ಅಂತ ಹೇಳಿದೆ. ಆರು ವರ್ಷದವರನ್ನು ಯಾರು ಕೇಳ್ತಾರೆ? ಶಾಲೆಗೆ ಸೇರಿಸುವಾಗ ಇವಳನ್ನೂ ನಾವು ಕೇಳಿರಲಿಲ್ಲ.

ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಯಾಕಂದ್ರೆ ಯಾರೂ ಕೇಳದೆ, ಯಾರೂ ಕೈ ಹಿಡಿದು ಕರೆದುಕೊಂಡು ಹೋಗದೆ, ಶಾಲೆಗಾಗಿ ತಾನೇ ಹೋರಾಟ ಶುರು ಮಾಡಿದ ಬಾರ್ಬರಾ ಜಾನ್ಸ್ ಅನ್ನುವ ಹುಡುಗಿ ನಮ್ಮ ಪಕ್ಕದಲ್ಲೇ ಇದ್ದಳು. ನಾವಿರುವುದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಇಲ್ಲಿಂದ ಒಂದೂಕಾಲು ಗಂಟೆ ಗಾಡಿ ಓಡಿಸಿದರೆ ಫಾರ್ಮ್‌ವಿಲ್ ಅನ್ನುವ ಊರು. ಫರ್ನಿಚರ್ ಅಂಗಡಿಗೆ ಹೆಸರುವಾಸಿ. ನಾವು ಡೈನಿಂಗ್ ಟೇಬಲ್ ತರೋಕೆ ಅಂತ ಎರಡು ಸಲ ಹೋಗಿ ಬಂದಿದ್ದೆವು, ಎರಡು ಸಲವೂ ಅವಳ ಶಾಲೆ ಅಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಈ ಸಲ ಶಾಲೆ ನೋಡೋಕೆ ಅಂತಲೇ ಹೋದೆವು.

ಕೆಂಪು ಇಟ್ಟಿಗೆಯ ಒಂದೇ ಅಂತಸ್ತಿನ ಕಟ್ಟಡ. ರಾಬರ್ಟ್ ರೂಸಾ ಮೋಟನ್ ಹೈಸ್ಕೂಲು, ಈಗ ಮ್ಯೂಸಿಯಂ. 1939ರಲ್ಲಿ ಕಪ್ಪು ಮಕ್ಕಳಿಗಾಗಿ ಕಟ್ಟಿದ್ದು. 180 ಮಕ್ಕಳಿಗೆ ಅಂತ ಲೆಕ್ಕ ಹಾಕಿ ಕಟ್ಟಿದ ಶಾಲೆಯಲ್ಲಿ 1950ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು. ಜಾಗ ಸಾಲದೆ ಊರಿನ ಶಾಲೆಗಳನ್ನು ನಡೆಸುವ ಬೋರ್ಡಿನವರು ಏನು ಮಾಡಿದರು? ಹಲಗೆ ಹೊಡೆದು, ಮೇಲೆ ಡಾಂಬರು ಬಳಿದ ದಪ್ಪ ಕಾಗದ ಸುತ್ತಿ, ಅಂಗಳದಲ್ಲಿ ಶೆಡ್ಡು ಹಾಕಿಕೊಟ್ಟರು. ರಸ್ತೆಯಲ್ಲಿ ಹೋಗುವವರು ಕೋಳಿಗೂಡು ಅಂದುಕೊಳ್ಳುತ್ತಿದ್ದರಂತೆ. ಒಳಗೊಂದು ಒಲೆ. ಒಲೆಯ ಪಕ್ಕ ಕೂತವರು ಬೆಂದು ಹೋಗಬೇಕು, ದೂರ ಕೂತವರು ಕೋಟು ಬಿಚ್ಚದೆ ನಡುಗಬೇಕು. ಮಳೆ ಬಂದರೆ ಕ್ಲಾಸಿನೊಳಗೇ ಕೊಡೆ ಬಿಚ್ಚಿ ಕೂರಬೇಕು.

ಕೊಡೆಯ ವಿಷಯ ಓದುವಾಗ ನನಗೆ ಸ್ವಲ್ಪ ನಗು ಬಂತು, ನಿಜ ಹೇಳಬೇಕಂದ್ರೆ. ಮಲೆನಾಡಿನ ನಮ್ಮೂರ ಶಾಲೆಯಲ್ಲೂ ಹೆಂಚು ಜರುಗಿ ಜುಲೈ ತಿಂಗಳೆಲ್ಲ ಸೋರುತ್ತಿತ್ತು. ಮೇಷ್ಟ್ರು ಬೆಂಚು ಎಳೆಸಿ, ಹನಿ ಬೀಳುವ ಕಡೆ ಬಕೆಟ್ ಇಡಿಸುತ್ತಿದ್ದರು. ಟಪ್ ಟಪ್ ಸದ್ದಿಗೆ ಸರಿಯಾಗಿ ಮಗ್ಗಿ ಹೇಳುವುದು ನಮಗೊಂದು ಆಟ. ಆದರೆ ನಮ್ಮೂರಲ್ಲಿ ಎಲ್ಲರ ತಲೆ ಮೇಲೂ ಸೋರುತ್ತಿತ್ತು. (ನೀರು ಕುಡಿಯುವ ಲೋಟ ಎಲ್ಲರಿಗೂ ಒಂದೇ ಇತ್ತಾ ಅಂತ ಕೇಳಬೇಡಿ. ಅದು ಇನ್ನೊಂದು ದಿನದ ಬರಹ.) ಫಾರ್ಮ್‌ವಿಲ್‌ನಲ್ಲಿ ಅದೇ ಬೋರ್ಡು, ಅದೇ ದುಡ್ಡಿನಲ್ಲಿ, ಬಿಳಿ ಮಕ್ಕಳ ಹೈಸ್ಕೂಲಿಗೆ ಜಿಮ್ ಕಟ್ಟಿಸಿತ್ತು, ಕೆಫೆಟೇರಿಯ ಕಟ್ಟಿಸಿತ್ತು, ಲಾಕರ್ ಕೊಡಿಸಿತ್ತು. ಮೋಟನ್‌ನಲ್ಲಿ ಇವು ಯಾವುದೂ ಇಲ್ಲ. ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಬೋರ್ಡಿನ ಮೀಟಿಂಗಿಗೆ ಅಲೆದಿದ್ದರು. ಆಗುತ್ತೆ, ನೋಡೋಣ, ಜಾಗ ಹುಡುಕ್ತಾ ಇದ್ದೀವಿ. ಈ ಮಾತು ನಮಗೂ ಗೊತ್ತಿರುವುದೇ ಅಲ್ವಾ?

ಬಾರ್ಬರಾ ಓದುತ್ತಿದ್ದುದು ಈ ಶಾಲೆಯಲ್ಲಿ. 1935ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, ಇಲ್ಲಿ ಹೊಲದ ಮನೆಯಲ್ಲಿ ಬೆಳೆದವಳು. ಅಪ್ಪ ಬೇಸಾಯ, ಅಮ್ಮ ದೂರದ ವಾಷಿಂಗ್ಟನ್‌ನಲ್ಲಿ ಕೆಲಸ. ದೊಡ್ಡವಳಾದ್ದರಿಂದ ಬೆಳಗ್ಗೆ ತಮ್ಮ ತಂಗಿಯರನ್ನು ಹೊರಡಿಸುವುದು ಇವಳ ಪಾಲಿನ ಕೆಲಸ. ಒಂದು ದಿನ ಅವರನ್ನೆಲ್ಲ ಬಸ್ಸಿನ ಹತ್ತಿರ ಓಡಿಸಿಕೊಂಡು ಹೋದವಳು ತನ್ನ ಊಟದ ಡಬ್ಬಿ ಮರೆತಳು. ತರೋಕೆ ಮನೆಗೆ ಓಡಿದಳು. ವಾಪಸ್ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ರಸ್ತೆ ಪಕ್ಕ ನಿಂತಳು, ಯಾರಾದರೂ ಹತ್ತಿಸಿಕೊಳ್ಳುತ್ತಾರೇನೋ ಅಂತ. ಎಷ್ಟೋ ಹೊತ್ತಿನ ಮೇಲೆ ಒಂದು ಶಾಲೆ ಬಸ್ಸೇ ಬಂತು. ಅದು ಬಿಳಿ ಮಕ್ಕಳ ಬಸ್ಸು. ಹೋಗುವುದು ಅದೇ ಊರಿಗೆ, ಅದೇ ರಸ್ತೆಯಲ್ಲಿ. ಅರ್ಧ ಖಾಲಿ ಇತ್ತು. ಅವಳ ಮುಂದೆಯೇ ಹಾದು ಹೋಯಿತು.

ಏನಾದರೂ ಮಾಡಲೇಬೇಕು ಅಂತ ನಿರ್ಧಾರ ಮಾಡಿದ್ದು ಅವತ್ತೇ ಅಂತ ಅವಳು ಮುಂದೆ ಬರೆದಿಟ್ಟಿದ್ದಾಳೆ. ಏನು ಅಂತ ಮಾತ್ರ ಗೊತ್ತಿರಲಿಲ್ಲ.

ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ. ದೊಡ್ಡ ದೊಡ್ಡ ಅವಮಾನಗಳು ಎಷ್ಟೋ ಇದ್ದವು, ಅವುಗಳ ನಡುವೆ ಅವಳನ್ನು ಚುಚ್ಚಿದ್ದು ಒಂದು ಮರೆತ ಊಟದ ಡಬ್ಬಿ ಮತ್ತು ಖಾಲಿ ಸೀಟುಗಳು. ಬಸ್ಸು ತುಂಬಿದ್ದರೆ ಜಾಗ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತೇನೋ.

ಇದಕ್ಕೂ ಮುಂಚೆ ಅವಳು ಸಂಗೀತದ ಟೀಚರ್ ಇನೆಜ್ ಡ್ಯಾವನ್‌ಪೋರ್ಟ್ ಹತ್ತಿರ ಶಾಲೆಯ ಸ್ಥಿತಿ ಹೇಳಿಕೊಂಡು ಗೊಣಗಿದ್ದಳು. ಟೀಚರ್ ಮರುಕ ತೋರಿಸಲಿಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ನೀನೇ ಏನಾದ್ರೂ ಮಾಡಬಾರ್ದಾ?" ಅಂದರು, ಅಷ್ಟೇ. ಬಾರ್ಬರಾಗೆ ಮೊದಲು ಬೇಜಾರಾಯಿತು. ಆಮೇಲೆ ಮನೆಯ ಹತ್ತಿರದ ಕಾಡಿನಲ್ಲಿ ಕೂತು ಕನಸು ಕಾಣತೊಡಗಿದಳು. ಯಾರೋ ದೊಡ್ಡ ಸಾಹುಕಾರ ಬಂದು ಶಾಲೆ ಕಟ್ಟಿಸಿಕೊಟ್ಟ ಹಾಗೆ. ಅಥವಾ ದೊಡ್ಡ ಬಿರುಗಾಳಿ ಎದ್ದು ಆ ಶೆಡ್ಡುಗಳನ್ನೆಲ್ಲ ಚೂರು ಚೂರು ಮಾಡಿ, ಆ ಜಾಗದಲ್ಲಿ ಹೊಸ ಕಟ್ಟಡ ಎದ್ದು ನಿಂತ ಹಾಗೆ. ಹದಿನೈದು ವರ್ಷದ ಹುಡುಗಿಯ ಕನಸು ಅಂದ್ರೆ ಹೀಗೇ ಇರುತ್ತೆ. ಬಿರುಗಾಳಿ ಬರಲಿಲ್ಲ. ಹಾಗಾಗಿ ಅವಳು ನಂಬಿಕಸ್ಥ ಸಹಪಾಠಿಗಳನ್ನು ಒಬ್ಬೊಬ್ಬರಾಗಿ ಆರಿಸಿಕೊಂಡು ಗುಟ್ಟಾಗಿ ಸೇರಿಸಿದಳು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್, ಅವಳ ಸಹೋದರ ಜಾನ್ ಸ್ಟೋಕ್ಸ್, ಇನ್ನೂ ಕೆಲವರು. ಚಳಿಗಾಲವೆಲ್ಲ ಮುಷ್ಕರದ ಯೋಜನೆ ನಡೆಯಿತು. ಒಬ್ಬರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಸರ್‌ಪ್ರೈಸ್ ಬರ್ತ್‌ಡೇ ಪಾರ್ಟಿಯ ಗುಟ್ಟು ಎರಡು ದಿನ ಉಳಿಯಲ್ಲ!

1951ರ ಏಪ್ರಿಲ್ 23, ಸೋಮವಾರ. ಬೆಳಗ್ಗೆ ಪ್ರಿನ್ಸಿಪಾಲ್ ಬಾಯ್ಡ್ ಜೋನ್ಸ್ ಅವರಿಗೆ ಫೋನು ಬಂತು. ನಿಮ್ಮ ಶಾಲೆಯ ಇಬ್ಬರು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಏನೋ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಬೇಗ ಬನ್ನಿ ಅಂತ. ಅವರು ಎದ್ದೆವೋ ಬಿದ್ದೆವೋ ಅಂತ ಹೊರಟರು. ಫೋನು ಮಾಡಿದ್ದು ಇವರ ಗುಂಪೇ. ಅವರು ಅತ್ತ ಹೋದ ತಕ್ಷಣ ಇತ್ತ ಪ್ರತಿ ಕ್ಲಾಸಿಗೂ ಪ್ರಿನ್ಸಿಪಾಲರ ಹೆಸರಿನಲ್ಲಿ ಚೀಟಿ ಹೋಯಿತು: ಎಲ್ಲರೂ ಹಾಲ್‌ಗೆ ಬನ್ನಿ. ಆ ಚೀಟಿಯೂ ಸುಳ್ಳು.

ಹಾಲ್ ತುಂಬಿತು. ಪರದೆ ಸರಿಯಿತು. ಪ್ರಿನ್ಸಿಪಾಲರು ನಿಲ್ಲಬೇಕಾದ ಜಾಗದಲ್ಲಿ ಹದಿನಾರು ವರ್ಷದ ಬಾರ್ಬರಾ. ಮೇಷ್ಟ್ರುಗಳೆಲ್ಲ ದಯವಿಟ್ಟು ಹೊರಗೆ ಹೋಗಿ ಅಂದಳು. ಯಾರೋ ತಡೆಯೋಕೆ ಬಂದರು. ಆಗ ಅವಳು ಕಾಲಿನ ಶೂ ಬಿಚ್ಚಿ ಬೆಂಚಿನ ಮೇಲೆ ಪಟಪಟ ಬಡಿದು, ಎಲ್ಲರೂ ಹೊರಗೆ ಹೋಗಬೇಕು ಅಂತ ಕೂಗಿದಳು. ನಮ್ಮ ಕಡೆ ಕಾಲಲ್ಲಿರುವುದು ಕೈಗೆ ಬಂತು ಅಂದ್ರೆ ಆಮೇಲೆ ಮಾತುಕತೆಗೆ ಜಾಗ ಇಲ್ಲ. ಅವತ್ತೂ ಹಾಗೇ ಆಯಿತು. ಮೇಷ್ಟ್ರುಗಳು ಹೋದರು. ಅವಳ ತಂಗಿ ಜೋನ್ ಅದೇ ಹಾಲಿನಲ್ಲಿ ಕೂತಿದ್ದಳು. ಮನೆಯಲ್ಲಿ ಅಷ್ಟು ಮೌನವಾಗಿರುವ ಅಕ್ಕ ವೇದಿಕೆ ಮೇಲೆ ನಿಂತಿದ್ದನ್ನು ನೋಡಿ, ಹೆದರಿಕೆಯಿಂದ ಸೀಟಿನಲ್ಲಿ ಆದಷ್ಟೂ ಕೆಳಕ್ಕೆ ಜಾರಿಕೊಂಡಳಂತೆ. ಇದು ಎಲ್ಲ ತಂಗಿಯರಿಗೂ ಅರ್ಥವಾಗುತ್ತೆ.

ಆ ಹಾಲ್ ಈಗಲೂ ಇದೆ. ನಾವು ಹೋಗಿ ಕೂತೆವು. ಮಗಳು ವೇದಿಕೆಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, "ಅಮ್ಮ, ಪ್ರಿನ್ಸಿಪಾಲ್‌ಗೆ ಸುಳ್ಳು ಹೇಳಿದ್ದು ತಪ್ಪಲ್ವಾ?"

ತಪ್ಪು ಅಂದೆ. ಅಲ್ಲ ಅಂದೆ. ಆಮೇಲೆ ಮನೆಗೆ ಹೋಗಿ ಮಾತಾಡೋಣ ಅಂದೆ. ತಾಯಂದಿರಿಗೆ ಇದೊಂದು ಅನುಕೂಲ.

ಯೋಚನೆ ಮಾಡಿ ನೋಡಿದರೆ ಆ ಸುಳ್ಳಿನಲ್ಲಿ ಒಂದು ಲೆಕ್ಕಾಚಾರ ಇತ್ತು. ಪ್ರಿನ್ಸಿಪಾಲರು ಶಾಲೆಯಲ್ಲೇ ಇದ್ದಿದ್ದರೆ ತಡೆಯಬೇಕಾಗುತ್ತಿತ್ತು. ತಡೆಯದಿದ್ದರೆ ಬೋರ್ಡು ಅವರನ್ನು ಸುಮ್ನೆ ಬಿಡುತ್ತಿರಲಿಲ್ಲ. ಗೊತ್ತೇ ಇರಲಿಲ್ಲ ಅಂತ ಹೇಳುವ ಅವಕಾಶವಾದರೂ ಅವರಿಗೆ ಇರಲಿ ಅನ್ನುವ ಹಾಗಿತ್ತು. ಆದರೂ ಬಚಾವಾಗಲಿಲ್ಲ. ಅವರ ಕೆಲಸವನ್ನು ಬೋರ್ಡು ಮುಂದುವರಿಸಲಿಲ್ಲ. ಇನ್ನೊಂದು ವಿಷಯ ಕೇಳಿ. "ನೀನೇ ಏನಾದ್ರೂ ಮಾಡಬಾರ್ದಾ" ಅಂದಿದ್ದ ಆ ಸಂಗೀತದ ಟೀಚರ್ ಮದುವೆಯಾಗಿದ್ದು ಇದೇ ಪ್ರಿನ್ಸಿಪಾಲರನ್ನು. ಆ ಮನೆಯಲ್ಲಿ ಈ ವಿಷಯಕ್ಕೆ ಎಂಥ ಮಾತುಕತೆ ಆಗಿರಬಹುದು ಅಂತ ನನಗೆ ಈಗಲೂ ಕುತೂಹಲ.

450ಕ್ಕೂ ಹೆಚ್ಚು ಮಕ್ಕಳು ಹೊರನಡೆದರು. ಜೈಲಿಗೆ ಹಾಕಿದರೆ ಅಂತ ಹೆದರಿದವರಿಗೆ ಸಿಕ್ಕ ಉತ್ತರ, ಫಾರ್ಮ್‌ವಿಲ್ ಜೈಲಿನಲ್ಲಿ ನಮ್ಮೆಲ್ಲರಿಗೂ ಜಾಗ ಸಾಲಲ್ಲ ಅನ್ನುವುದು. ಅವತ್ತೇ ಬಾರ್ಬರಾ ಮತ್ತು ಕ್ಯಾರಿ ಕೂತು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ, ರಿಚ್ಮಂಡ್‌ನಲ್ಲಿದ್ದ ವಕೀಲರಿಗೆ ಕಾಗದ ಬರೆದರು. ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ಇಬ್ಬರೂ ಎರಡೇ ದಿನದಲ್ಲಿ ಬಂದರು. ಬಂದಿದ್ದು ಮಕ್ಕಳಿಗೆ ಬುದ್ಧಿ ಹೇಳಿ ವಾಪಸ್ ಕ್ಲಾಸಿಗೆ ಕಳಿಸೋಣ ಅಂತ. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಚರ್ಚಿನಲ್ಲಿ ಆ ಮಕ್ಕಳನ್ನು ನೋಡಿದ ಮೇಲೆ ಹಾಗೆ ಹೇಳೋಕೆ ಬಾಯಿ ಬರಲಿಲ್ಲ.

ಇಲ್ಲೊಂದು ತಿರುವು ಇದೆ, ಜಾಸ್ತಿ ಜನ ಇದನ್ನು ಗಮನಿಸುವುದಿಲ್ಲ. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ಬಿಳಿ ಮಕ್ಕಳ ಜೊತೆ ಕೂರಬೇಕು ಅಂತ ಅವರು ಶುರು ಮಾಡಿರಲಿಲ್ಲ. ವಕೀಲರು ಹೇಳಿದರು, ಕಟ್ಟಡಕ್ಕೆ ಅಂತ ಆದರೆ ನಾವು ಕೇಸು ಹಿಡಿಯಲ್ಲ, ಬೇರೆ ಬೇರೆ ಶಾಲೆ ಅನ್ನುವ ಪದ್ಧತಿಯೇ ಹೋಗಬೇಕು ಅಂತ ಹೋರಾಡೋದಾದರೆ ಹಿಡಿಯುತ್ತೇವೆ, ಮೊದಲು ಅಪ್ಪ ಅಮ್ಮಂದಿರನ್ನು ಒಪ್ಪಿಸಿ. ಮಕ್ಕಳು ಮನೆಗೆ ಹೋಗಿ ಒಪ್ಪಿಸಿದರು. ದೊಡ್ಡವರೆಲ್ಲ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಚರ್ಚಿನ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ಇದು ಬೇಡ ಅಂದಾಗ, ನಾವು ನಿಮ್ಮನ್ನೇ ನಂಬಿಕೊಂಡಿದ್ದೇವೆ ಅಂತ ಬಾರ್ಬರಾ ಎದ್ದು ಹೇಳಬೇಕಾಯಿತು. ಯೋಚಿಸಿ, ಇಲ್ಲಿ ಯಾರು ಯಾರ ಕೈ ಹಿಡಿದು ನಡೆಸಿದರು?

ಎರಡು ವಾರಕ್ಕೆ ಮುಷ್ಕರ ಮುಗಿಯಿತು. ಮೇ 23ಕ್ಕೆ 117 ಮಕ್ಕಳ ಪರವಾಗಿ ದಾವೆ ಬಿತ್ತು. ದಾವೆಯಲ್ಲಿ ಮೊದಲ ಹೆಸರು ಬಾರ್ಬರಾಳದ್ದಲ್ಲ, ಡೊರೊತಿ ಡೇವಿಸ್ ಅನ್ನುವ ಹದಿನಾಲ್ಕು ವರ್ಷದ ಹುಡುಗಿಯದ್ದು. ಹಾಗಾಗಿ ಕಾನೂನು ಪುಸ್ತಕಗಳಲ್ಲಿ ಅದು ಡೇವಿಸ್ ಕೇಸು. ಮುಂದೆ ಇನ್ನೂ ನಾಲ್ಕು ಕೇಸುಗಳ ಜೊತೆ ಇದು ಸುಪ್ರೀಂ ಕೋರ್ಟಿಗೆ ಹೋಗಿ, 1954ರ ಮೇ 17ರಂದು ಬ್ರೌನ್ ತೀರ್ಪು ಬಂತು. ಶಾಲೆಯಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ. ಐದು ಕೇಸುಗಳಲ್ಲಿ ಮಕ್ಕಳೇ ಶುರು ಮಾಡಿದ್ದು ಇದೊಂದೇ. ಈ ನಡುವೆ, 1953ರಲ್ಲಿ, ಕೌಂಟಿಯವರು (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ) ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿ ಕೊಟ್ಟೂಬಿಟ್ಟರು. ಅಷ್ಟು ವರ್ಷ ಸಿಗದ ಜಾಗ, ದುಡ್ಡು ಎಲ್ಲ ದಿಢೀರ್ ಅಂತ ಸಿಕ್ಕಿತು. ಮೂಗಿಗೆ ತುಪ್ಪ ಸವರುವುದು ಅಂದ್ರೆ ಇದೇ.

ಬಾರ್ಬರಾ ಅದರಲ್ಲಿ ಓದಲೇ ಇಲ್ಲ. ಶಾಲೆಯ ಅಂಗಳದಲ್ಲಿ ಯಾರೋ ಶಿಲುಬೆ ಸುಟ್ಟರು, ಕಪ್ಪು ಜನರಿಗೆ ಬೆದರಿಕೆ ಹಾಕುವ ರೀತಿ ಅದು. ಹೆದರಿದ ಮನೆಯವರು ಅವಳನ್ನು ಅಲಬಾಮಾದ ಮಾಂಟ್ಗಮರಿಗೆ, ದೊಡ್ಡಪ್ಪ ವರ್ನನ್ ಜಾನ್ಸ್ ಮನೆಗೆ ಕಳಿಸಿದರು. ಈ ದೊಡ್ಡಪ್ಪ ಸಾಮಾನ್ಯದವರಲ್ಲ. ಮಾರ್ಟಿನ್ ಲೂಥರ್ ಕಿಂಗ್ ಬರುವುದಕ್ಕೆ ಮುಂಚೆ ಡೆಕ್ಸ್ಟರ್ ಅವೆನ್ಯೂ ಚರ್ಚಿಗೆ ಪಾದ್ರಿ ಆಗಿದ್ದವರು. 1955ರಲ್ಲಿ ಫಾರ್ಮ್‌ವಿಲ್ ಕಡೆಯ ಬಾರ್ಬರಾಳ ಅಪ್ಪ ಅಮ್ಮನ ಹೊಲದ ಮನೆ, ಯಾರೂ ಇಲ್ಲದಾಗ, ಸುಟ್ಟು ಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಹುಡುಗಿ ಗೆದ್ದಳು, ತೀರ್ಪು ಬಂತು. ಮಕ್ಕಳಿಗೆ ಹೇಳುವಾಗ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ನಿದ್ದೆ ಕೆಡಿಸಿದ್ದು ಮುಂದಿನ ಭಾಗ.

ತೀರ್ಪು ಬಂದ ಮರುವರ್ಷ ಅದೇ ಕೋರ್ಟು, ಇದನ್ನು ಜಾರಿ ಮಾಡಿ, ಆದರೆ ಯೋಚಿಸಿ ಇಡುವ ಹೆಜ್ಜೆಯ ವೇಗದಲ್ಲಿ ಅನ್ನುವ ಅರ್ಥದ ಮಾತು ಹೇಳಿತು. ನಮ್ಮ ಸರ್ಕಾರಿ ಕಚೇರಿಯ 'ಶೀಘ್ರದಲ್ಲೇ' ಇದ್ದ ಹಾಗೆ. ವರ್ಜೀನಿಯಾದ ರಾಜಕಾರಣಿಗಳಿಗೆ ಅಷ್ಟು ಸಾಕಾಗಿತ್ತು. ವರ್ಷಗಟ್ಟಲೆ ಎಳೆದರು. ಕೊನೆಗೆ 1959ರಲ್ಲಿ ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಆದಾಗ, ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡಿತು ಗೊತ್ತಾ? ಶಾಲೆಗಳಿಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿತು. ಇಡೀ ಕೌಂಟಿಯ ಸರ್ಕಾರಿ ಶಾಲೆಗಳಿಗೆಲ್ಲ ಬೀಗ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು ಅನ್ನುತ್ತೇವಲ್ಲ, ಇವರು ಕೊಯ್ದಿದ್ದು ಪಕ್ಕದ ಮನೆಯವರ ಮೂಗು. ಬಿಳಿ ಮಕ್ಕಳಿಗೆ ಖಾಸಗಿ ಅಕಾಡೆಮಿ ಆಗಲೇ ತಯಾರಾಗಿತ್ತು, ಆಮೇಲೆ ಫೀಸಿಗೆ ಸರ್ಕಾರದ ನೆರವೂ ಸಿಕ್ಕಿತು. ಸುಮಾರು 1,700 ಕಪ್ಪು ಮಕ್ಕಳಿಗೆ, ಕೆಲವು ಬಡ ಬಿಳಿ ಮಕ್ಕಳಿಗೂ, ಶಾಲೆಯೇ ಇಲ್ಲ.

ಒಂದು ವಾರ ಅಲ್ಲ, ಒಂದು ತಿಂಗಳಲ್ಲ. ಐದು ವರ್ಷ.

ಕೋವಿಡ್ ಕಾಲದಲ್ಲಿ ಒಂದು ವರ್ಷ ಮಗಳು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಕ್ಕೇ ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಅಕ್ಷರ ಕಲಿಯುವ ವಯಸ್ಸಿನ ಮಗುವಿಗೆ ಐದು ವರ್ಷ ಅಂದ್ರೆ ಏನು? ಅನುಕೂಲ ಇದ್ದವರು ಮಕ್ಕಳನ್ನು ಬೇರೆ ಕೌಂಟಿಯ ನೆಂಟರ ಮನೆಗೆ ಕಳಿಸಿದರು. ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರು ಕೆಲವು ದೊಡ್ಡ ಮಕ್ಕಳನ್ನು ಬೇರೆ ರಾಜ್ಯಗಳ ಮನೆಗಳಲ್ಲಿ ಇರಿಸಿ ಓದಿಸಿದರು. ಚರ್ಚಿನ ನೆಲಮಾಳಿಗೆಗಳಲ್ಲಿ ಅಷ್ಟಿಷ್ಟು ಪಾಠ ನಡೆಯಿತು. ಉಳಿದವರು ಹೊಲಕ್ಕೆ ಹೋದರು, ಮತ್ತೆ ಶಾಲೆಯ ಕಡೆ ಬರಲೇ ಇಲ್ಲ. ಭೂಮಿ ಮೇಲೆ ಮಕ್ಕಳಿಗೆ ಉಚಿತ ಸರ್ಕಾರಿ ಶಾಲೆ ಇಲ್ಲದ ಬೆರಳೆಣಿಕೆಯ ಜಾಗಗಳನ್ನು ಹೆಸರಿಸುತ್ತಾ ಆಗಿನ ಅಮೆರಿಕದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ 1963ರಲ್ಲಿ ಕಮ್ಯುನಿಸ್ಟ್ ಚೀನಾ, ಉತ್ತರ ವಿಯೆಟ್ನಾಂ ಸಾಲಿನಲ್ಲಿ ಈ ಕೌಂಟಿಯನ್ನೂ ಸೇರಿಸಿದರು. ಆ ವರ್ಷ ದಾನದ ದುಡ್ಡಿನಲ್ಲಿ 'ಫ್ರೀ ಸ್ಕೂಲ್ಸ್' ಅಂತ ತಾತ್ಕಾಲಿಕ ಶಾಲೆಗಳು ಶುರುವಾದವು. 1964ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಛಡಿ ಎತ್ತಿದ ಮೇಲೆ ಸರ್ಕಾರಿ ಶಾಲೆಗಳ ಬೀಗ ತೆಗೆಯಿತು. ಆ ಕೇಸಿನ ಹೆಸರು ಗ್ರಿಫಿನ್, ಅದೇ ಪಾದ್ರಿಯ ಮನೆತನ. ಮ್ಯೂಸಿಯಂ ಮುಂದಿನ ರಸ್ತೆಗೂ ಈಗ ಅವರದ್ದೇ ಹೆಸರು.

ವಾಪಸ್ ಬರುವಾಗ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. 1959ರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗು ಹುಟ್ಟಿದ್ದು 1953ರಲ್ಲಿ. ಬಾರ್ಬರಾ ಶೂ ಬಡಿದಾಗ ಆ ಮಗು ಇನ್ನೂ ಹುಟ್ಟಿರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ, ಹೈಸ್ಕೂಲಿನ ಮಕ್ಕಳು ಕೇಳಿದ ಪ್ರಶ್ನೆಗೆ ಶಿಕ್ಷೆ ಆಗಿದ್ದು ಹಾಲುಹಲ್ಲಿನ ಮಕ್ಕಳಿಗೆ. ಹಾಗಂತ ಅದನ್ನು ಬಾರ್ಬರಾ ತಲೆಗೆ ಕಟ್ಟೋಕೆ ನಾನು ತಯಾರಿಲ್ಲ. ಬೀಗ ಹಾಕಿದ್ದು ಟೈ ಕಟ್ಟಿಕೊಂಡು, ಮೀಟಿಂಗಿನಲ್ಲಿ ಕೂತು, ಕೈ ಎತ್ತಿ ಮತ ಹಾಕಿದ ದೊಡ್ಡವರು. ಆದರೆ ಧೈರ್ಯವಂತ ಮಕ್ಕಳ ಕಥೆ ಹೇಳುವಾಗ ಈ ಭಾಗವನ್ನು ನಾವು ಮೆಲ್ಲಗೆ ಮಡಚಿ ಒಳಗಿಡುತ್ತೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ. 2003ರಲ್ಲಿ ಆ ಕೌಂಟಿಯವರು, ಅವತ್ತು ಶಾಲೆ ತಪ್ಪಿಸಿಕೊಂಡವರಿಗೆಲ್ಲ ಗೌರವ ಡಿಪ್ಲೊಮಾ ಕೊಟ್ಟರು. ಐವತ್ತು ಅರವತ್ತು ವರ್ಷದ ಗಂಡಸರು, ಹೆಂಗಸರು ಹೈಸ್ಕೂಲು ಸರ್ಟಿಫಿಕೇಟಿಗಾಗಿ ಸಾಲು ನಿಂತಿದ್ದನ್ನು ನೆನೆಸಿಕೊಳ್ಳಿ.

ಬಾರ್ಬರಾ ಅದನ್ನು ನೋಡಲಿಲ್ಲ, 1991ರಲ್ಲೇ ತೀರಿಕೊಂಡಿದ್ದಳು. ಮದುವೆಯಾಗಿ, ಐದು ಮಕ್ಕಳ ತಾಯಿಯಾಗಿ, ಫಿಲಡೆಲ್ಫಿಯಾದಲ್ಲಿ ಶಾಲೆಯ ಲೈಬ್ರರಿಯನ್ ಕೆಲಸ ಮಾಡಿಕೊಂಡಿದ್ದಳು. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದಲ್ಲಿ ಪ್ರತಿ ರಾಜ್ಯಕ್ಕೂ ಎರಡು ಪ್ರತಿಮೆಯ ಜಾಗ ಇದೆ. ವರ್ಜೀನಿಯಾದ್ದು ಜಾರ್ಜ್ ವಾಷಿಂಗ್ಟನ್ ಮತ್ತು ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣದ ಪರ ಹೋರಾಡಿದ ಜನರಲ್ ರಾಬರ್ಟ್ ಲೀ ಪ್ರತಿಮೆಗಳಿದ್ದವು. 2020ರ ಡಿಸೆಂಬರ್‌ನಲ್ಲಿ ಲೀಯನ್ನು ಅಲ್ಲಿಂದ ತೆಗೆದರು. ಅವನ ಜಾಗಕ್ಕೆ ರಾಜ್ಯ ಆರಿಸಿದ್ದು ಈ ಹುಡುಗಿಯನ್ನು.

ಇದನ್ನೆಲ್ಲ ಮಗಳಿಗೆ ಗಾಡಿಯಲ್ಲಿ ಸ್ವಲ್ಪ ಸ್ವಲ್ಪ ಹೇಳಿದೆ. ಬೀಗದ ಕಥೆ ಹೇಳಿದಾಗ ಸುಮ್ಮನಾದಳು. ಪ್ರತಿಮೆಯ ಬಗ್ಗೆ ಏನೂ ಅನ್ನಲಿಲ್ಲ. ಅವಳು ಎಲ್ಲೋ ಹಿಂದೆಯೇ ಉಳಿದಿದ್ದಳು ಅನ್ನಿಸುತ್ತೆ, ಯಾಕಂದ್ರೆ ಹೈವೇ ಸೇರಿದ ಮೇಲೆ ಕೇಳಿದಳು,

"ಅಮ್ಮ, ಆ ಬಸ್ಸಲ್ಲಿ ಮಕ್ಕಳು ಇದ್ರಲ್ಲ. ಅವರು ಕಿಟಕಿಯಿಂದ ಅವಳನ್ನ ನೋಡಿರ್ತಾರಾ?"

ನೋಡಿರ್ತಾರೆ ಅಂದೆ.